ಯುದ್ಧದ ದಿನಗಳಲ್ಲಿ ಯಾರಿಗಾಗಿ, ಯಾವ ಮಾತಿನಲ್ಲಿ ಬೇಡುವುದು

(ಮೈಸೂರು ಮತ್ತು ಮಂಡ್ಯ ಭಾಗದ ಚರ್ಚುಗಳಲ್ಲಿ ಭಾನುವಾರದ ಪ್ರಾರ್ಥನೆ ಬರೆಯುವವರು, ಓದುವವರು, ಜಾಗರಣೆ ನಡೆಸುವವರಿಗಾಗಿ ಮೈಸೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

"ಯುದ್ಧಪೀಡಿತ ದೇಶಗಳಲ್ಲಿ ಶಾಂತಿ ನೆಲೆಸಲೆಂದು ಪ್ರಾರ್ಥಿಸೋಣ." ಈ ವಾಕ್ಯ ಕೇಳದವರು ಇಲ್ಲಿ ಯಾರೂ ಇರಲಾರರು. ಓದಲು ನಾಲ್ಕು ಸೆಕೆಂಡು ಸಾಕು. ವ್ಯಾಕರಣ ಸರಿಯಿದೆ, ಉದ್ದೇಶವೂ ಸರಿಯಿದೆ, ಆದರೆ ಅದರೊಳಗೆ ಮನುಷ್ಯರು ಯಾರೂ ಇಲ್ಲ. 1942ರಲ್ಲೂ ಇದನ್ನೇ ಓದಬಹುದಿತ್ತು, 1971ರಲ್ಲೂ ಓದಬಹುದಿತ್ತು, ಹೋದ ಭಾನುವಾರವೂ ಓದಬಹುದಿತ್ತು. ಜನ "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಅನ್ನುತ್ತಾರೆ, ಓದುವವರು ಮುಂದಿನ ಚೀಟಿ ತಿರುವುತ್ತಾರೆ. ಇವತ್ತಿನ ಮಾತೆಲ್ಲ ಈ ಒಂದು ವಾಕ್ಯವನ್ನು ತಿದ್ದುವುದರ ಬಗ್ಗೆಯೇ.

ಯುದ್ಧ ಅಂದರೆ ಟಿವಿಯಲ್ಲಿ ಕಾಣುವ ದೂರದ ಸಂಗತಿ ಅಂತ ನಮ್ಮ ಭಾಗದವರು ಅಂದುಕೊಳ್ಳುವಂತಿಲ್ಲ. ಶ್ರೀರಂಗಪಟ್ಟಣದ ಬಳಿ, ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನದಲ್ಲಿ ಬ್ರಿಟಿಷರ ಕಡೆ ಕಾದಿದ, ಸ್ವಿಟ್ಜರ್ಲೆಂಡ್ ಮೂಲದ ಡಿ ಮ್ಯೂರಾನ್ ರೆಜಿಮೆಂಟಿನವರ ಸಮಾಧಿಗಳಿವೆ. ಸೈನಿಕರ ಜೊತೆಗೆ ಮನೆಯವರನ್ನೂ ಅಲ್ಲೇ ಮಣ್ಣು ಮಾಡಿದ್ದಾರೆ. ಇತ್ತ ಗಂಜಾಂ ಕಡೆಗೆ ಬಂದರೆ, 1799ರ ಮೇ 4ರಂದು ಕೋಟೆಯಲ್ಲಿ ಸತ್ತ ಟಿಪ್ಪುವಿನ ಗುಂಬಜ್. ಎರಡೂ ಕಡೆಯವರು ಒಂದೇ ಹೊಳೆಯ ಆಸುಪಾಸಿನಲ್ಲಿ ಮಲಗಿದ್ದಾರೆ. ಆ ಯುದ್ಧ ಮುಗಿದ ಮೇಲೆ ಇಲ್ಲಿಗೆ ಬಂದವರು ಫ್ರೆಂಚ್ ಗುರು ಅಬ್ಬೆ ದುಬೊಯ್. ಜನ ಅವರನ್ನು ದೊಡ್ಡಸ್ವಾಮಿಯವರು ಅನ್ನುತ್ತಿದ್ದರು. ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಮಾಡಿದರು, ಹಾಸನದ ಕಡೆ ಸಾತಳ್ಳಿಯಲ್ಲಿ ಬೇಸಾಯಕ್ಕೆ ನೆಲೆ ಮಾಡಿಕೊಟ್ಟರು, ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದರು. ಅವರ ಮಟ್ಟಿಗೆ ಪೂಜೆಯ ಕೆಲಸ ಬೇರೆ, ಲಸಿಕೆಯ ಕೆಲಸ ಬೇರೆ ಆಗಿರಲಿಲ್ಲ. ಈ ಮಾತಿಗೆ ಉಪವಾಸದ ವಿಷಯ ಬಂದಾಗ ಮರಳುತ್ತೇವೆ.

ಇನ್ನೊಂದು ಕೊಂಡಿ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲಾನ್ಸರ್ಸ್ ಕುದುರೆ ಪಡೆ ಜೋಧಪುರದವರ ಜೊತೆ ಸೇರಿ ಇಂದಿನ ಇಸ್ರೇಲಿನ ಹೈಫಾ ಊರನ್ನು ಗೆದ್ದಿತು. ನಮ್ಮವರು ಅಂದು ಏರಿದ್ದು ಕರ್ಮೆಲ್ ಬೆಟ್ಟವನ್ನು, ಎಲೀಯ ಪ್ರವಾದಿ ಬಲಿಪೀಠ ಕಟ್ಟಿದ ಅದೇ ಬೆಟ್ಟ. ಹೈಫಾದ ಹೆಸರು ಈಚೆಗೂ ಕ್ಷಿಪಣಿ ದಾಳಿಯ ಸುದ್ದಿಯಲ್ಲಿ ಬಂದಿದೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ಬಿದ್ದು ಸತ್ತದ್ದು ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿ. ಆದ್ದರಿಂದ "ಎಲ್ಲೋ ದೂರದ ದೇಶದಲ್ಲಿ" ಅನ್ನುವ ಮಾತನ್ನು ಮೊದಲು ಚೀಟಿಯಿಂದ ಹೊಡೆದುಹಾಕಿ.

ಈಗ ಪದದ ವಿಷಯ. ಕ್ಯಾಥೋಲಿಕರು "ಶಾಂತಿ" ಅನ್ನುತ್ತಾರೆ, ಪ್ರೊಟೆಸ್ಟೆಂಟರ ಹಳೆಯ ಬೈಬಲ್ ಅನುವಾದ "ಸಮಾಧಾನ" ಅನ್ನುತ್ತದೆ: ಸಮಾಧಾನಪಡಿಸುವವರು ಧನ್ಯರು. ಎರಡೂ ಒಳ್ಳೆಯ ಮಾತುಗಳೇ, ಆದರೆ ಎರಡೂ ಬಳಸಿ ಬಳಸಿ ಸವೆದಿವೆ. ಸಾವಿನ ಮನೆಯಲ್ಲಿ "ಸಮಾಧಾನ ಮಾಡ್ಕೊಳ್ಳಮ್ಮ" ಅಂದರೆ ಅಳು ನಿಲ್ಲಿಸು ಅಂತ ಅರ್ಥ. "ಶಾಂತಿ ಕಾಪಾಡಿ" ಅಂದರೆ ಪೊಲೀಸ್ ಜೀಪಿನ ಮೈಕು: ಗುಂಪು ಸೇರಬೇಡಿ, ಮನೆಗೆ ಹೋಗಿ. ಯುದ್ಧದಲ್ಲಿ ನೊಂದವರಿಗೆ ಈ ಎರಡು ಅರ್ಥದಲ್ಲಿ ಶಾಂತಿ ಬೇಡಿದರೆ ಅದು ಬೇಡಿಕೆ ಆಗುವುದಿಲ್ಲ, ಬಾಯಿ ಮುಚ್ಚಿಸಿದಂತೆ ಆಗುತ್ತದೆ. ಯೆರೆಮೀಯ ಬೈದದ್ದೂ ಇದನ್ನೇ: ಶಾಂತಿ ಇಲ್ಲದಾಗ ಶಾಂತಿ ಶಾಂತಿ ಅಂತ ಹೇಳಿ ಜನರ ಗಾಯವನ್ನು ಮೇಲೆ ಮೇಲೆ ವಾಸಿಮಾಡುತ್ತಾರೆ ಎಂದು (6:14).

ಹೀಬ್ರೂವಿನ "ಶಾಲೋಮ್" ಮೌನವೂ ಅಲ್ಲ, ಕದನ ವಿರಾಮ ಮಾತ್ರವೂ ಅಲ್ಲ. ಮುರಿದದ್ದು ಇಡಿಯಾಗುವುದು, ತೀರಿಸಬೇಕಾದ್ದು ತೀರುವುದು. ನಮ್ಮ ಮಾತಿನಲ್ಲಿ ಅದಕ್ಕೆ ಹತ್ತಿರ ಇರುವುದು "ನೆಮ್ಮದಿ" ಅಂತ ನಮ್ಮ ಅಭಿಪ್ರಾಯ. ಮಂಡ್ಯದ ರೈತನೊಬ್ಬ "ಈಗ ನೆಮ್ಮದಿಯಾಗಿದೀನಿ" ಅಂದರೆ ನಾಲೆಯಲ್ಲಿ ನೀರಿದೆ, ಕಬ್ಬಿನ ದುಡ್ಡು ಬಂದಿದೆ, ಮನೆಯಲ್ಲಿ ಯಾರೂ ಆಸ್ಪತ್ರೆಯಲ್ಲಿಲ್ಲ ಅಂತ. ಪ್ರವಾದಿಗಳೂ ಹೀಗೆಯೇ ಮಾತಾಡಿದವರು. ಕತ್ತಿಯನ್ನು ಗುಳವಾಗಿ ಬಡಿಯುವ ಮಾತು ಯೆಶಾಯ 2:4ರಲ್ಲೂ ಇದೆ, ಮೀಕ 4:3ರಲ್ಲೂ ಇದೆ. ಆದರೆ ಮೀಕ ಅಲ್ಲಿಗೆ ನಿಲ್ಲಿಸುವುದಿಲ್ಲ. ಮುಂದಿನ ವಚನದಲ್ಲೇ ಪ್ರತಿಯೊಬ್ಬರೂ ತಮ್ಮ ತಮ್ಮ ದ್ರಾಕ್ಷಿ ಬಳ್ಳಿ, ಅಂಜೂರದ ಮರದ ಕೆಳಗೆ ಕೂರುವರು, ಹೆದರಿಸುವವರು ಇರುವುದಿಲ್ಲ ಅನ್ನುತ್ತಾನೆ. ಮುಂಗಾರಿಗೆ ಮುಂಚೆ ಗುಳವನ್ನು ಕುಲುಮೆಗೆ ಒಯ್ದು ತಟ್ಟಿಸಿದ ತಲೆಮಾರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಕಬ್ಬಿಣ ಕೆಂಪಾಗದೆ ಬಗ್ಗುವುದಿಲ್ಲ, ಒಬ್ಬ ಹಿಡಿಯಬೇಕು, ಇನ್ನೊಬ್ಬ ಹೊಡೆಯಬೇಕು, ಇದನ್ನು ಅವರಿಗೆ ವಿವರಿಸಬೇಕಾಗಿಲ್ಲ.

ಹಾಗಾಗಿ ಮೊದಲ ತಿದ್ದುಪಡಿ ಇಷ್ಟೇ. "ಶಾಂತಿ" ಎಂದು ಬರೆಯುವ ಕಡೆಯಲ್ಲೆಲ್ಲ ಆ ಶಾಂತಿ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಬರೆಯಿರಿ. ಬೇಕರಿ ತೆರೆದಿರುವುದು. ಶಾಲೆಯ ಗಂಟೆ. ರಾತ್ರಿ ದೀಪ ಹಚ್ಚಿಟ್ಟು ಮಲಗುವುದು.

ಪ್ರಾರ್ಥನೆಯ ಯಾವ ಜಾಗದಲ್ಲಿ ಇದಕ್ಕೆ ಎಡೆ ಇದೆ? ಕ್ಯಾಥೋಲಿಕರ ಬಲಿಪೂಜೆಯಲ್ಲಿ ನಾಲ್ಕು ಕಡೆ ಇದೆ, ನಾವು ಗಮನಿಸುವುದು ಒಂದನ್ನೇ. ಪರಲೋಕ ಪ್ರಾರ್ಥನೆಯಾದ ಕೂಡಲೇ ಗುರುಗಳು ನಮ್ಮ ದಿನಗಳಲ್ಲಿ ಶಾಂತಿ ಕೊಡಬೇಕೆಂದು ಬೇಡುತ್ತಾರೆ. ಆಮೇಲೆ ಶಾಂತಿಯ ವಿನಿಮಯ. ಆಮೇಲೆ "ದೇವರ ಕುರಿಮರಿಯೇ" ಮೂರನೆಯ ಸಲ ಹಾಡುವಾಗ ಕೊನೆಯ ಮಾತು ಬದಲಾಗಿ ಶಾಂತಿಯ ಬೇಡಿಕೆ ಆಗುತ್ತದೆ. ಈ ಮೂರೂ ಒಂದರ ಹಿಂದೆ ಒಂದು ಬರುತ್ತವೆ, ಗಾಯಕರು ಅವಸರ ಮಾಡಿದರೆ ಮೂರೂ ಕೊಚ್ಚಿಹೋಗುತ್ತವೆ. ನಾಲ್ಕನೆಯದು ಇವುಗಳಿಗಿಂತ ಮೊದಲೇ ಬರುವ ವಿಶ್ವಾಸಿಗಳ ಪ್ರಾರ್ಥನೆ, ಅಂದರೆ ಒಂದೊಂದೇ ಬಿನ್ನಹ ಓದಿ ಜನ ಉತ್ತರಿಸುವ ಭಾಗ. ಶತಮಾನಗಳ ಕಾಲ ಬಿಟ್ಟುಹೋಗಿದ್ದ ಈ ಭಾಗವನ್ನು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಮರಳಿ ತಂದಿತು. ಅದರ ಆಧಾರ ಸಂತ ಪೌಲರು ತಿಮೊಥೇಯನಿಗೆ ಬರೆದ ಮೊದಲ ಪತ್ರದ ಎರಡನೆಯ ಅಧ್ಯಾಯ: ಎಲ್ಲ ಮನುಷ್ಯರಿಗಾಗಿ, ರಾಜರಿಗಾಗಿ, ಅಧಿಕಾರದಲ್ಲಿರುವ ಎಲ್ಲರಿಗಾಗಿ ಬೇಡಿರಿ. ಆ ಕಾಲದ ರೋಮಿನ ಚಕ್ರವರ್ತಿ ಕ್ರೈಸ್ತನಾಗಿರಲಿಲ್ಲ ಅನ್ನುವುದು ನೆನಪಿರಲಿ. ಒಪ್ಪುವ ಸರ್ಕಾರಕ್ಕೆ ಮಾತ್ರ ಪ್ರಾರ್ಥನೆ ಅನ್ನುವ ನಿಯಮ ಎಲ್ಲೂ ಇಲ್ಲ.

ಕ್ರಮ ಗೊತ್ತಿದೆ: ಧರ್ಮಸಭೆಗಾಗಿ, ಆಡಳಿತಗಾರರು ಮತ್ತು ಲೋಕಕ್ಕಾಗಿ, ಕಷ್ಟದಲ್ಲಿರುವವರಿಗಾಗಿ, ನಮ್ಮ ಊರ ಸಭೆಗಾಗಿ. ಯುದ್ಧದ ಬಿನ್ನಹ ಎರಡನೆಯದರಲ್ಲೂ ಬರಬೇಕು, ಮೂರನೆಯದರಲ್ಲೂ ಬರಬೇಕು. ಎರಡನೆಯದು ಗುಂಡು ಹಾರಿಸುವ ಆದೇಶ ಕೊಡುವವರ ಬಗ್ಗೆ, ಮೂರನೆಯದು ಆ ಗುಂಡು ತಗಲುವವರ ಬಗ್ಗೆ. ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಿದಾಗಲೇ ನಮ್ಮ ಮೊದಲಿನ ಬಡಕಲು ವಾಕ್ಯ ಹುಟ್ಟುವುದು.

ಒಂದು ಬಿನ್ನಹವನ್ನು ಹತ್ತಿರದಿಂದ ನೋಡೋಣ.

"ಈ ರಾತ್ರಿ ನೆಲಮಾಳಿಗೆಯಲ್ಲಿ ಮಕ್ಕಳನ್ನು ಮಲಗಿಸುತ್ತಿರುವ ತಾಯಂದಿರಿಗಾಗಿ: ದಾಳಿ ನಿಲ್ಲಲಿ, ಕುಡಿಯುವ ನೀರು ಅವರಿಗೆ ತಲುಪಲಿ, ಬೆಳಗ್ಗೆ ತಮ್ಮ ಮನೆಯ ಬಾಗಿಲನ್ನು ತಾವೇ ತೆರೆಯುವಂತಾಗಲಿ. ಪ್ರಭುವನ್ನು ಪ್ರಾರ್ಥಿಸೋಣ."

ಇದರಲ್ಲಿ ಇಪ್ಪತ್ತು ಪದಗಳಿವೆ. ನಿಧಾನವಾಗಿ ಓದಿದರೆ ಹದಿನೈದು ಸೆಕೆಂಡು. ಮೊದಲು ಯಾರು, ಅದು ಒಂದೇ ಬಗೆಯ ಜನ, ಇಡೀ ದೇಶ ಅಲ್ಲ. ಆಮೇಲೆ ಏನು ಬೇಕು. ಅದರಲ್ಲಿ ಮೊದಲನೆಯದು ಹಿಂಸೆ ನಿಲ್ಲಬೇಕೆಂಬುದು, ಎರಡನೆಯದು ಈ ಹೊತ್ತಿನ ಅಗತ್ಯ. ಆಮೇಲೆ ಯಾತಕ್ಕೆ, ಅಂದರೆ ಬೇಡಿದ್ದು ಸಿಕ್ಕರೆ ಏನು ಕಾಣಬೇಕು. ಕೊನೆಗೆ ಜನರಿಗೆ ಸನ್ನೆ. ಈ ಸನ್ನೆಯ ಮಾತು ಪ್ರತಿ ಬಿನ್ನಹಕ್ಕೂ ಒಂದೇ ಇರಬೇಕು. ಒಮ್ಮೆ "ಪ್ರಭುವನ್ನು ಪ್ರಾರ್ಥಿಸೋಣ", ಇನ್ನೊಮ್ಮೆ "ಎಂದು ಬೇಡೋಣ", ಮತ್ತೊಮ್ಮೆ ಏನೂ ಇಲ್ಲದೆ ನಿಲ್ಲಿಸಿದರೆ ಜನ ಯಾವಾಗ ಬಾಯಿ ತೆರೆಯಬೇಕು ಅಂತ ತಿಳಿಯದೆ ಅರ್ಧ ಸಭೆ ಮಾತ್ರ ಉತ್ತರಿಸುತ್ತದೆ. ಮುಂದಿನ ಸಾಲಿನವರು ಶುರುಮಾಡಿ ಹಿಂದಿನವರು ಮುಗಿಸುತ್ತಾರೆ.

ಸನ್ನೆಗೂ ಜನರ ಉತ್ತರಕ್ಕೂ ನಡುವೆ ಮೌನ ಇರಲಿ. ಎರಡು ಸಲ ನಿಧಾನ ಉಸಿರಾಡುವಷ್ಟು, ಸುಮಾರು ಎಂಟು ಸೆಕೆಂಡು. ಓದುವವರಿಗೆ ಅದು ಒಂದು ನಿಮಿಷದಂತೆ ಅನ್ನಿಸುತ್ತದೆ. ಅದಕ್ಕೇ ಎಲ್ಲರೂ ಅದನ್ನು ನುಂಗಿಬಿಡುತ್ತಾರೆ. ಆರು ಬಿನ್ನಹ ಅಂದರೆ ಎಲ್ಲ ಸೇರಿ ಮೂರು ಮೂರೂವರೆ ನಿಮಿಷ. ಇದಕ್ಕಿಂತ ಉದ್ದ ಬೇಡ. ಹನ್ನೆರಡು ಬಿನ್ನಹ ಬರೆದು ತರುವವರ ಭಕ್ತಿ ದೊಡ್ಡದು, ಆದರೆ ಏಳನೆಯದರ ಹೊತ್ತಿಗೆ ಜನ ನಿಂತ ಕಾಲು ಬದಲಿಸುತ್ತಿರುತ್ತಾರೆ.

"ಉಕ್ರೇನ್, ಗಾಜಾ, ಸುಡಾನ್, ಮ್ಯಾನ್ಮಾರ್ ಮುಂತಾದ" ಎಂದು ಬರೆಯುವವರಿದ್ದಾರೆ. ಆ "ಮುಂತಾದ" ಎಂಬುದರಲ್ಲಿ ಎಷ್ಟು ಊರುಗಳು ಮುಳುಗಿಹೋದವು! ದೇಶಗಳ ಪಟ್ಟಿ ಓದುವುದಕ್ಕಿಂತ ನೊಂದವರ ಬಗೆಗಳನ್ನು ಹಂಚಿಕೊಳ್ಳುವುದು ಮೇಲು. ಗಾಯಾಳುಗಳು, ಸೆರೆಯಾದವರು, ಕಾಣೆಯಾದವರು, ಮನೆ ಬಿಟ್ಟು ಓಡಿದವರು, ಎರಡೂ ಕಡೆಯ ಸೈನಿಕರು, ಆಸ್ಪತ್ರೆ ಆಂಬುಲೆನ್ಸಿನವರು, ತೀರ್ಮಾನ ತೆಗೆದುಕೊಳ್ಳುವ ಅಧಿಕಾರಸ್ಥರು, ಸತ್ತವರು ಮತ್ತು ಅವರ ಮನೆಯವರು. ಎಂಟು ಬಗೆ. ವಾರಕ್ಕೆ ಎರಡರಂತೆ ತೆಗೆದುಕೊಂಡರೆ ನಾಲ್ಕು ಭಾನುವಾರಕ್ಕೆ ಒಂದು ಸುತ್ತು. ಒಂದು ವಾರ ಒಂದೇ ದೇಶದ ಹೆಸರು ಸಾಕು. ಮನೆ ಬಿಟ್ಟವರಿಗೆ ಬೇಡುವ ವಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯನ್ನು ನೆನೆದರೆ ತಪ್ಪಿಲ್ಲ. 1960ರ ದಶಕದಿಂದ ಟಿಬೆಟಿನವರು ಅಲ್ಲಿ ಜೋಳ ಬೆಳೆದು ಬದುಕುತ್ತಿದ್ದಾರೆ. ನಿರಾಶ್ರಿತ ಎಂಬ ಪದಕ್ಕೆ ಮುಖ ಬೇಕಾದರೆ ನಮ್ಮ ಜಿಲ್ಲೆಯಲ್ಲೇ ಇದೆ.

ಇಲ್ಲಿಯವರೆಗೆ ಹೇಳಿದ್ದು ಸುಲಭದ ಭಾಗ. ಕಷ್ಟದ್ದು ಶತ್ರುವಿನ ವಿಷಯ.

1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಇಂಗ್ಲೆಂಡಿನ ಕೊವೆಂಟ್ರಿ ನಗರವನ್ನು ಸುಟ್ಟವು. ಮಧ್ಯಯುಗದ ಕೆಥೆಡ್ರಲ್ ಗೋಡೆ ಮತ್ತು ಗೋಪುರ ಬಿಟ್ಟು ಉಳಿದದ್ದೆಲ್ಲ ಬೂದಿಯಾಯಿತು. ಅಲ್ಲಿನ ಪ್ರೊವೊಸ್ಟ್, ಅಂದರೆ ಕೆಥೆಡ್ರಲ್‌ನ ಮುಖ್ಯ ಪಾದ್ರಿ, ರಿಚರ್ಡ್ ಹೊವರ್ಡ್ ಬಲಿಪೀಠದ ಹಿಂದಿನ ಗೋಡೆಯ ಮೇಲೆ ಎರಡು ಪದ ಕೆತ್ತಿಸಿದರು: "ತಂದೆಯೇ, ಕ್ಷಮಿಸು." ಶಿಲುಬೆಯ ಮೇಲಿಂದ ಯೇಸು ಹೇಳಿದ್ದು "ಇವರನ್ನು ಕ್ಷಮಿಸು" ಎಂದು. ಹೊವರ್ಡ್ "ಇವರನ್ನು" ಎಂಬುದನ್ನು ಬಿಟ್ಟರು. ಯಾರನ್ನು ಅಂತ ಬರೆದರೆ ಬರೆದವರು ಆ ಲೆಕ್ಕದಿಂದ ಹೊರಗೆ ಉಳಿದುಬಿಡುತ್ತಾರೆ. 1958ರಲ್ಲಿ ಅದೇ ಮಾತನ್ನು ಪಲ್ಲವಿಯಾಗಿಟ್ಟು ಅಲ್ಲಿ ಒಂದು ಪ್ರಾರ್ಥನಾಮಾಲೆ ರಚನೆಯಾಯಿತು. ಶುಕ್ರವಾರ ಮಧ್ಯಾಹ್ನ ಅದನ್ನು ಹೇಳುವ ರೂಢಿ ಇದೆ. ಜನಾಂಗಗಳ ನಡುವಿನ ದ್ವೇಷ, ಪರರ ಸ್ವತ್ತಿನ ಆಸೆ, ಹೊಟ್ಟೆಕಿಚ್ಚು, ನಿರಾಶ್ರಿತರ ಬಗ್ಗೆ ಉದಾಸೀನ, ಹೀಗೆ ಒಂದೊಂದಕ್ಕೂ ಅದೇ ಎರಡು ಪದದ ಉತ್ತರ. ಕನ್ನಡದಲ್ಲಿ ಇದನ್ನು ಬಳಸುವವರು ದಯವಿಟ್ಟು "ಅವರನ್ನು" ಅಂತ ಸೇರಿಸಬೇಡಿ. ವಾಕ್ಯ ಅಪೂರ್ಣ ಅನ್ನಿಸಿ ಸೇರಿಸುವವರು ಬಹಳ. ಅದು ಅಪೂರ್ಣವಾಗಿಯೇ ಇರಬೇಕು.

ನಮ್ಮ ದೇಶವೇ ಯುದ್ಧದಲ್ಲಿದ್ದಾಗ? ಆಗ ಗೆಲುವಿಗಾಗಿ ಬೇಡಬೇಕೆಂಬ ಒತ್ತಡ ಬರುತ್ತದೆ, ಬೇಡದಿದ್ದರೆ ಜನ ಬೇರೆ ಕಣ್ಣಿನಿಂದ ನೋಡುತ್ತಾರೆಂಬ ಹೆದರಿಕೆಯೂ ಇರುತ್ತದೆ. 2025ರ ಮೇ 7ರಿಂದ 10ರವರೆಗೆ ಭಾರತ–ಪಾಕಿಸ್ತಾನದ ನಡುವೆ ನಡೆದ ಸಂಘರ್ಷದಲ್ಲಿ ಪೂಂಛ್‌ನಲ್ಲಿ ಶೆಲ್ ಬಿದ್ದು ನಾಗರಿಕರು ಸತ್ತರು. ಅಂಥ ವಾರದಲ್ಲಿ ಏನು ಬರೆಯುವುದು? ಗಡಿಯಲ್ಲಿರುವ ಜವಾನರು ಜೀವಂತ ಮನೆಗೆ ಮರಳಲಿ ಎಂದು ಬರೆಯಿರಿ, ಅದರಲ್ಲಿ ಅಳುಕು ಬೇಡ. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಸೇನೆಗೆ, ಅರೆಸೇನಾ ಪಡೆಗಳಿಗೆ ಮಕ್ಕಳನ್ನು ಕಳಿಸಿದ ಮನೆಗಳಿವೆ. ಅವರು ಅದೇ ಬೆಂಚಿನಲ್ಲಿ ಕೂತಿರಬಹುದು. ಗಡಿಯ ಎರಡೂ ಬದಿಯ ಹಳ್ಳಿಯವರ ಹೆಸರಿನಲ್ಲಿ ಬೇಡಿ. ಮಾತುಕತೆಗೆ ಕೂರುವವರಿಗೆ ವಿವೇಕ ಬೇಡಿ. ಶತ್ರು ನಾಶವಾಗಲಿ ಎಂದು ಮಾತ್ರ ಬರೆಯಬೇಡಿ, ಯಾಕೆಂದರೆ ಶತ್ರುಗಳನ್ನು ಪ್ರೀತಿಸಿರಿ ಅನ್ನುವ ಮತ್ತಾಯ 5:44 ಅದನ್ನು ಓದಲು ಬಿಡುವುದಿಲ್ಲ.

ಆದರೆ ಸಿಟ್ಟಿಗೆ ಪ್ರಾರ್ಥನೆಯಲ್ಲಿ ಜಾಗವೇ ಇಲ್ಲವೆ? ಇದೆ, ಕೀರ್ತನೆಗಳಲ್ಲಿದೆ. 13ನೆಯದು "ಎಷ್ಟು ಕಾಲ?" ಎಂದು ನಾಲ್ಕು ಸಲ ಕೇಳುತ್ತದೆ. 44ನೆಯದು ದೇವರಿಗೇ ಏಳು, ಯಾಕೆ ನಿದ್ದೆ ಮಾಡುತ್ತಿದ್ದೀ ಅನ್ನುತ್ತದೆ. 88ನೆಯದು ಕತ್ತಲೆಯಲ್ಲಿ ಮುಗಿಯುತ್ತದೆ, ಕೊನೆಗೆ ಸ್ತುತಿ ಎಂಬುದೇ ಇಲ್ಲ. 137ನೆಯದು ಬಾಬಿಲೋನಿನ ನದಿಗಳ ಬಳಿ ಅತ್ತು, ಕೊನೆಯಲ್ಲಿ ಶತ್ರುವಿನ ಕೂಸುಗಳ ಬಗ್ಗೆ ಕೇಳಲಾಗದ ಮಾತಾಡುತ್ತದೆ. ದಿನದ ಹೊತ್ತುಹೊತ್ತಿಗೆ ಕೀರ್ತನೆ ಹೇಳುವ ಕ್ಯಾಥೋಲಿಕ್ ಪ್ರಹರ ಪ್ರಾರ್ಥನೆಯ 1971ರ ಪುಸ್ತಕದಲ್ಲಿ 58, 83, 109 ಈ ಮೂರು ಕೀರ್ತನೆಗಳನ್ನು ಇಡಿಯಾಗಿ ಕೈಬಿಟ್ಟರು, 137ರ ಕೊನೆಯ ವಚನಗಳನ್ನೂ ತೆಗೆದರು. ಸಭೆಯಲ್ಲಿ ಓದಿದರೆ ಜನ ತಪ್ಪಾಗಿ ತಿಳಿದಾರು ಎಂಬ ಕಾರಣ ಅರ್ಥವಾಗುವಂಥದ್ದೇ. ಆದರೂ ನಮ್ಮ ಸಲಹೆ, ಪ್ರಾರ್ಥನೆ ಬರೆಯುವ ನೀವು ಅವನ್ನು ಮನೆಯಲ್ಲಾದರೂ ಓದಬೇಕು. ಮಗುವನ್ನು ಕಳೆದುಕೊಂಡವರ ಸಿಟ್ಟು ಎಷ್ಟು ದೂರ ಹೋಗುತ್ತದೆಂದು ಗೊತ್ತಿಲ್ಲದವರು ಬರೆಯುವ ಕ್ಷಮೆಯ ಪ್ರಾರ್ಥನೆ ತೆಳ್ಳಗಿರುತ್ತದೆ. ಸಭೆಯಲ್ಲಿ 13 ಅಥವಾ 74 ಓದಿ. ಓದಿದ ಕೂಡಲೇ ಖುಷಿಯ ಹಾಡು ಎತ್ತಬೇಡಿ.

ಪದೇ ಪದೇ ಕಾಣುವ ತಪ್ಪುಗಳು ಇನ್ನೂ ಕೆಲವಿವೆ. "ಎಲ್ಲವನ್ನೂ ಸಹಿಸುವ ಶಕ್ತಿಯನ್ನು ಅವರಿಗೆ ಕೊಡು" ಅನ್ನುವುದು ನೋಡಲು ಭಕ್ತಿಯ ಮಾತು. ಅಷ್ಟನ್ನೇ ಕೇಳಿದರೆ ಬಾಂಬು ಬೀಳುತ್ತಲೇ ಇರಲಿ, ಅವರು ಗಟ್ಟಿಯಾಗಲಿ ಅಂದ ಹಾಗೆ. ಇನ್ನೊಂದು, ಯುದ್ಧ ಆ ದೇಶದ ಪಾಪಕ್ಕೆ ಶಿಕ್ಷೆ ಎಂಬ ಸುಳಿವು. ಲೂಕ 13ರಲ್ಲಿ ಯೇಸುವಿನ ಮುಂದೆ ಇದೇ ಮಾತು ಬಂದಿತ್ತು. ಪಿಲಾತನು ಗಲಿಲೇಯದವರನ್ನು ಕೊಲ್ಲಿಸಿದ ಸುದ್ದಿ ತಂದವರಿಗೆ ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳೇ ಎಂದು ಕೇಳಿ, ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿಯನ್ನೂ ನೆನಪಿಸಿ, ಎರಡು ಸಲವೂ "ಇಲ್ಲ" ಎಂದರು. ಮೂರನೆಯದು ಅಂತ್ಯಕಾಲದ ಲೆಕ್ಕಾಚಾರ. ಹೊಸ ಯುದ್ಧ ಶುರುವಾದ ಪ್ರತಿ ಸಲ ಯಾರಾದರೂ ಮತ್ತಾಯ 24 ಹಿಡಿದು ನಿಲ್ಲುತ್ತಾರೆ. ಅದೇ ಅಧ್ಯಾಯದ ಆರನೆಯ ವಚನ ಯುದ್ಧಗಳ ಸುದ್ದಿ ಕೇಳಿ ಕಳವಳಪಡಬೇಡಿ, ಇದಿನ್ನೂ ಅಂತ್ಯವಲ್ಲ ಅನ್ನುತ್ತದೆ. ಅರ್ಧ ವಚನ ಓದುವ ಚಾಳಿ ನಮ್ಮಲ್ಲಿ ಹಳೆಯದು.

ಮತ್ತೆ ವಾಟ್ಸಾಪ್. ಸುಟ್ಟ ಚರ್ಚಿನ ಚಿತ್ರ, ಅಳುವ ಮಗುವಿನ ವಿಡಿಯೊ, ಇಂತಿಷ್ಟು ಕ್ರೈಸ್ತರು ಸತ್ತರೆಂಬ ಸಂಖ್ಯೆ: ಇವು ಹಳೆಯವಿರುತ್ತವೆ, ಬೇರೆ ದೇಶದವಿರುತ್ತವೆ. ಎರಡು ನಂಬುವಂಥ ಸುದ್ದಿಮೂಲಗಳಲ್ಲಿ ಕಾಣದ ಅಂಕಿಯನ್ನು ಬಲಿಪೀಠದ ಬಳಿ ಓದಬೇಡಿ. ಓದುವ ಅಗತ್ಯವೂ ಇಲ್ಲ. ದೇವರಿಗೆ ಸುದ್ದಿ ಮುಟ್ಟಿಸುವುದು ಬಿನ್ನಹದ ಕೆಲಸವಲ್ಲ. ಸಂತ ಫ್ರಾನ್ಸಿಸರ ಹೆಸರಲ್ಲಿ ಹರಿದಾಡುವ "ಪ್ರಭುವೇ, ನನ್ನನ್ನು ನಿಮ್ಮ ಶಾಂತಿಯ ಸಾಧನವನ್ನಾಗಿಸಿ" ಕೂಡ 1226ರಲ್ಲಿ ತೀರಿಕೊಂಡ ಫ್ರಾನ್ಸಿಸರದ್ದಲ್ಲ. ಅದು ಮೊದಲು ಅಚ್ಚಾಗಿ ಕಂಡದ್ದು 1912ರಲ್ಲಿ, ಪ್ಯಾರಿಸ್ಸಿನ ಒಂದು ಸಣ್ಣ ಭಕ್ತಿ ಪತ್ರಿಕೆಯಲ್ಲಿ, ಬರೆದವರ ಹೆಸರಿಲ್ಲದೆ. ಮಹಾಯುದ್ಧ ನಡೆಯುತ್ತಿದ್ದ 1916ರ ಜನವರಿಯಲ್ಲಿ ವ್ಯಾಟಿಕನ್ ಪತ್ರಿಕೆ ಅದನ್ನು ಅಚ್ಚು ಹಾಕಿದ ಮೇಲೆ ಲೋಕವೆಲ್ಲ ಹರಡಿತು. ಹಾಡಿ, ಚೆನ್ನಾಗಿಯೇ ಇದೆ. "ಸಂತರ ಮಾತು" ಎಂದು ಪೀಠಿಕೆ ಹಾಕಬೇಡಿ ಅಷ್ಟೆ. ಅದೇ ಯುದ್ಧದ ನಡುವೆ, 1917ರಲ್ಲಿ, ಹದಿನೈದನೆಯ ಬೆನೆಡಿಕ್ಟ್ ಪೋಪ್ ಮಾತೆ ಮರಿಯಮ್ಮನವರ ಪ್ರಾರ್ಥನಾಮಾಲೆಗೆ "ಶಾಂತಿಯ ರಾಣಿಯೇ" ಎಂಬ ಸಾಲು ಸೇರಿಸಿದರು. ನಾವು ಜಪಸರದ ಕೊನೆಯಲ್ಲಿ ಲೆಕ್ಕಕ್ಕೆ ಹೇಳಿ ಮುಗಿಸುವ ಆ ಸಾಲು ಯುದ್ಧಭೂಮಿಯ ನೆನಪು.

ಜಾಗರಣೆಗೆ ಬರೋಣ. ಒಂದು ಗಂಟೆ ಸಾಕು. 2013ರ ಸೆಪ್ಟೆಂಬರ್ 7ರಂದು ಸಿರಿಯಾಕ್ಕಾಗಿ ಸಂತ ಪೇತ್ರರ ಚೌಕದಲ್ಲಿ ನಡೆದದ್ದು ನಾಲ್ಕು ಗಂಟೆಯ ಜಾಗರಣೆ. ನಮ್ಮ ಊರುಗಳಲ್ಲಿ ಅದನ್ನು ನಕಲು ಮಾಡಲು ಹೋದರೆ ಎರಡನೆಯ ಗಂಟೆಗೆ ಹತ್ತು ಜನ ಉಳಿಯುತ್ತಾರೆ, ಕೊನೆಯ ಬಸ್ಸಿನ ಚಿಂತೆ ಅವರಿಗೂ ಇರುತ್ತದೆ. ಶುಕ್ರವಾರ ಸಂಜೆ ಆರೂವರೆಗೆ ಶುರು. ಮೊದಲ ಐದು ನಿಮಿಷ ಮಾತಿಲ್ಲ. ಒಂದು ಗೋಳಿನ ಕೀರ್ತನೆ, ಮತ್ತೆ ಮೌನ. ಸುವಾರ್ತೆ, ಯೆರೂಸಲೇಮನ್ನು ನೋಡಿ ಯೇಸು ಅತ್ತ ಭಾಗ, ಲೂಕ 19:41ರಿಂದ, ಇದಕ್ಕೆ ಹೇಳಿ ಮಾಡಿಸಿದಂತಿದೆ. ಪ್ರಸಂಗ ಬೇಡ, ಬೇಕೇ ಬೇಕೆಂದರೆ ಐದು ನಿಮಿಷ ಮೀರದಿರಲಿ. ಆಮೇಲೆ ದೀಪ, ಬಿನ್ನಹಗಳು, ಪರಲೋಕ ಪ್ರಾರ್ಥನೆ. ಹಾಡು ಒಟ್ಟು ಮೂರು, ಕೀಬೋರ್ಡಿನ ತಾಳದ ಪೆಟ್ಟಿಗೆ ಆಫ್.

ಮೇಣದಬತ್ತಿ ಕೈಗೆ ಕೊಡುವುದಾದರೆ ಮೊದಲು ಫ್ಯಾನ್ ನಿಲ್ಲಿಸಿ. ಹಾಸ್ಯವಲ್ಲ, ಜಾಗರಣೆ ಕೆಡುವುದು ಹೆಚ್ಚಾಗಿ ಇಲ್ಲೇ: ಐವತ್ತು ಬತ್ತಿ ಹಚ್ಚುವುದು, ಫ್ಯಾನಿನ ಗಾಳಿಗೆ ಆರುವುದು, ಪಿಸುಪಿಸು ಮಾತು, ಮತ್ತೆ ಬೆಂಕಿಪೊಟ್ಟಣ. ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಲಾಗದಿದ್ದರೆ ಕೈಗೆ ಕೊಡಬೇಡಿ; ಅಗಲ ತಟ್ಟೆಯಲ್ಲಿ ಮೂರು ಬೆರಳು ಎತ್ತರ ಮರಳು ತುಂಬಿ ಬಲಿಪೀಠದ ಮುಂದೆ, ಗಾಳಿ ಬೀಸದ ಕಡೆ ಇಟ್ಟು, ಒಬ್ಬೊಬ್ಬರಾಗಿ ಬಂದು ನೆಡಲಿ. ಕೈಯಲ್ಲಿ ಹಿಡಿಯುವುದಾದರೆ ಕಾಗದದ ಲೋಟದ ತಳಕ್ಕೆ ತೂತು ಮಾಡಿ ಬತ್ತಿ ಸಿಕ್ಕಿಸಿ, ಮೇಣ ಸೀರೆಯ ಮೇಲೆ ಬೀಳುವುದಿಲ್ಲ. ಆಗ ಕಮ್ಯುನಿಸ್ಟ್ ಆಳ್ವಿಕೆಯಲ್ಲಿದ್ದ ಪೂರ್ವ ಜರ್ಮನಿಯ ಲೈಪ್ಜಿಗ್ ನಗರದ ಸಂತ ನಿಕೊಲಸ್ ಚರ್ಚಿನಲ್ಲಿ 1982ರಿಂದ ಪ್ರತಿ ಸೋಮವಾರ ಸಂಜೆ ಐದಕ್ಕೆ ಶಾಂತಿ ಪ್ರಾರ್ಥನೆ ನಡೆಯುತ್ತಿತ್ತು. 1989ರ ಅಕ್ಟೋಬರ್ 9ರಂದು ಅದು ಮುಗಿಸಿ ಹೊರಬಂದವರ ಜೊತೆ ಸೇರಿ ಸುಮಾರು 70,000 ಜನ ಸರ್ಕಾರದ ವಿರುದ್ಧ ಬೀದಿಯಲ್ಲಿ ನಡೆದರು, ಗುಂಡು ಹಾರಲಿಲ್ಲ. ಅಲ್ಲಿನ ಪಾಲಕರ ಮಾತಿನಂತೆ, ಬತ್ತಿ ಹಿಡಿಯಲು ಒಂದು ಕೈ, ಗಾಳಿಗೆ ಅಡ್ಡ ಹಿಡಿಯಲು ಇನ್ನೊಂದು ಕೈ, ಕಲ್ಲೆತ್ತಲು ಕೈ ಉಳಿಯುವುದಿಲ್ಲ. ಒಂದು ಸಂಜೆಯ ಫಲ ಅಲ್ಲ ಅದು. ಏಳು ವರ್ಷ, ಕೆಲವೊಮ್ಮೆ ಬೆರಳೆಣಿಕೆಯ ಜನರೊಂದಿಗೆ.

ಸತ್ತವರ ಹೆಸರು ಓದುವುದಿದ್ದರೆ ಮೊದಲೇ ಲೆಕ್ಕ ಹಾಕಿ. ಒಂದು ಹೆಸರಿಗೆ ಐದು ಸೆಕೆಂಡಾದರೂ ಬೇಕು, ನೂರು ಹೆಸರಿಗೆ ಎಂಟು ನಿಮಿಷಕ್ಕೂ ಹೆಚ್ಚು. ನಲವತ್ತು ಸಾಕು, ಇಬ್ಬರು ಬದಲಾಯಿಸಿ ಓದಲಿ, ಪರದೇಶದ ಹೆಸರುಗಳ ಉಚ್ಚಾರಣೆಯನ್ನು ಹಿಂದಿನ ದಿನ ಜೋರಾಗಿ ಹೇಳಿ ಅಭ್ಯಾಸ ಮಾಡಲಿ. ಓದುತ್ತ ಓದುತ್ತ ತಡವರಿಸಿ ನಕ್ಕುಬಿಟ್ಟರೆ ಆ ಸಂಜೆ ಅಲ್ಲಿಗೆ ಮುಗಿಯಿತು.

ಉಪವಾಸ ಸೇರಿಸುವುದಾದರೆ, ಕ್ಯಾಥೋಲಿಕ್ ನಿಯಮದಲ್ಲಿ ಅದು 18 ತುಂಬಿದವರಿಂದ 59ರವರೆಗಿನವರಿಗೆ: ಒಂದು ಪೂರ್ತಿ ಊಟ, ಉಳಿದೆರಡು ಹೊತ್ತು ಅಲ್ಪಾಹಾರ. ಸಕ್ಕರೆ ಕಾಯಿಲೆಯವರು, ಬಸುರಿ ಬಾಣಂತಿಯರು, ದಿನವಿಡೀ ಗದ್ದೆ ಕೆಲಸ ಮಾಡುವವರು ಊಟ ಬಿಡಬಾರದು. ಅವರು ಕಾಫಿ, ಎಲೆ ಅಡಿಕೆ, ಮೊಬೈಲ್ ಬಿಡಲಿ. ಬಿಟ್ಟ ಊಟದ ಬೆಲೆಯನ್ನು ಅಂದೇ ಸಂಜೆ ಡಬ್ಬಿಗೆ ಹಾಕಿಸಿ. ನಾಳೆ ಅಂದರೆ ಆಗುವುದಿಲ್ಲ. ಡಬ್ಬಿಯ ಮೇಲೆ ಹಣ ಎಲ್ಲಿಗೆ ಹೋಗುತ್ತದೆಂದು ಬರೆದಿರಲಿ, ಹೋದ ಮೇಲೆ ಮೊತ್ತವನ್ನು ಸೂಚನಾ ಫಲಕಕ್ಕೆ ಹಾಕಿ. ಹಸಿದವರಿಗೆ "ಸಮಾಧಾನದಿಂದ ಹೋಗಿರಿ, ಬೆಚ್ಚಗಿರಿ" ಎಂದು ಹೇಳಿ ಏನೂ ಕೊಡದೆ ಕಳಿಸುವವರನ್ನು ಯಾಕೋಬನ ಪತ್ರ ಎರಡನೆಯ ಅಧ್ಯಾಯದಲ್ಲಿ ಹಿಡಿದು ನಿಲ್ಲಿಸುತ್ತದೆ. ದೊಡ್ಡಸ್ವಾಮಿಯವರ ಲಸಿಕೆಯ ಮಾತು ಮೊದಲು ಹೇಳಿದ್ದು ಇದಕ್ಕೇ.

ಬೇರೆ ಬೇರೆ ಸಭೆಯವರು ಕೂಡಿ ಪ್ರಾರ್ಥಿಸುವಾಗ ಮೂರು ಕಡೆ ಎಡವುತ್ತಾರೆ. ಮೊದಲನೆಯದು ಪರಲೋಕ ಪ್ರಾರ್ಥನೆ. ಕ್ಯಾಥೋಲಿಕರು "ನಿಮ್ಮ ನಾಮ" ಅನ್ನುವಾಗ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಪ್ರೊಟೆಸ್ಟೆಂಟರು "ನಿನ್ನ ನಾಮವು" ಅನ್ನುತ್ತಾರೆ, ಎರಡನೆಯ ಸಾಲಿಗೇ ಸಂತೆಯಾಗುತ್ತದೆ. ಒಂದು ಪಾಠವನ್ನು ಅಚ್ಚು ಹಾಕಿ ಹಂಚಿ. ಎರಡನೆಯದು ಸತ್ತವರು. ಕ್ಯಾಥೋಲಿಕರು ಅವರ ಆತ್ಮಕ್ಕೆ ನಿತ್ಯ ವಿಶ್ರಾಂತಿ ಬೇಡುತ್ತಾರೆ, ಪ್ರೊಟೆಸ್ಟೆಂಟರು ಹೆಚ್ಚಾಗಿ ಸತ್ತವರಿಗಾಗಿ ಪ್ರಾರ್ಥಿಸುವುದಿಲ್ಲ. "ಸತ್ತವರನ್ನು ನಿಮ್ಮ ಕರುಣೆಯ ಕೈಗೆ ಒಪ್ಪಿಸುತ್ತೇವೆ, ಉಳಿದವರನ್ನು ಸಂತೈಸಿರಿ" ಎಂದು ಬರೆದರೆ ಇಬ್ಬರೂ ಆಮೆನ್ ಅನ್ನಬಹುದು. ಮೂರನೆಯದು ಜಪಸರ, ಕೂಡು ಪ್ರಾರ್ಥನೆಯೊಳಗೆ ಅದನ್ನು ಸೇರಿಸಬೇಡಿ, ಅರ್ಧ ಗಂಟೆ ಮೊದಲು ಬೇಕಾದವರು ಸೇರಿ ಹೇಳಿಕೊಳ್ಳಲಿ. ಶಾಂತಿ ಹಂಚಿಕೊಳ್ಳುವ ಸನ್ನೆಗೆ ಮಾತ್ರ ಸಿಎಸ್‌ಐಯವರದ್ದನ್ನೇ ತೆಗೆದುಕೊಳ್ಳಿ. 1947ರ ಸೆಪ್ಟೆಂಬರ್ 27ರಂದು, ದೇಶ ವಿಭಜನೆಯ ರಕ್ತ ಇನ್ನೂ ಹಸಿಯಿದ್ದಾಗ ಹುಟ್ಟಿದ ಸಭೆ ಅದು. 1950ರ ತನ್ನ ಆರಾಧನಾ ಕ್ರಮದಲ್ಲಿ ಕೇರಳದ ಸಿರಿಯನ್ ಕ್ರೈಸ್ತರ ರೂಢಿಯನ್ನು ಅಳವಡಿಸಿಕೊಂಡಿತು: ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ, ಇಬ್ಬರ ಎಡಗೈಯೂ ಅದರ ಮೇಲೆ ಮುಚ್ಚಿಕೊಳ್ಳುತ್ತದೆ. ಬಲಿಪೀಠದಿಂದ ಶುರುವಾಗಿ ಸಾಲು ಸಾಲಾಗಿ ಹಿಂದಕ್ಕೆ ಹೋಗುತ್ತದೆ. ಐವತ್ತು ಜನಕ್ಕೆ ಎರಡು ನಿಮಿಷ ಬೇಕು, ಅಷ್ಟು ಕೊಡಿ.

ಇನ್ನು ಕೊನೆಯದು, ಬಿನ್ನಹಗಳ ನೋಟುಬುಕ್. ಚೀಟಿಗಳಲ್ಲಿ ಬರೆದರೆ ಮೂರನೆಯ ವಾರಕ್ಕೆ ಯುದ್ಧ ಮರೆತುಹೋಗುತ್ತದೆ, ಯಾಕೆಂದರೆ ಪತ್ರಿಕೆಯ ಮುಖಪುಟದಿಂದ ಅದು ಮರೆಯಾಗಿರುತ್ತದೆ. ಇನ್ನೂರು ಪುಟದ ಉದ್ದ ಪುಸ್ತಕ ಕೊಳ್ಳಿ, ಎಡಪುಟದಲ್ಲಿ ತಾರೀಕು, ಯಾರಿಗಾಗಿ ಬೇಡಿದೆವು, ಬಲಪುಟ ಖಾಲಿ. ಕದನ ವಿರಾಮದ ಸುದ್ದಿ ಬಂದ ವಾರ ಬಲಪುಟದಲ್ಲಿ ಅದನ್ನು ಬರೆಯಿರಿ, ಕೃತಜ್ಞತೆಯನ್ನೂ ಓದಿ. ಆದರೆ ಆ ದೇಶದ ಹೆಸರನ್ನು ಹೊಡೆದುಹಾಕಬೇಡಿ. ಗುಂಡು ನಿಂತ ಮೇಲೆ ಬೇಡಬೇಕಾದವರ ಪಟ್ಟಿ ಉದ್ದವಾಗುತ್ತದೆ: ಸೆರೆಯಿಂದ ಇನ್ನೂ ಬಾರದವರು, ಶವ ಸಿಗದವರ ಮನೆಯವರು, ಒಂದು ಕಾಲಿನಲ್ಲಿ ಊರಿಗೆ ಮರಳಿದ ಹುಡುಗರು, ನೆಲಬಾಂಬು ಹುದುಗಿರುವ ಹೊಲಗಳು. ಆ ಪುಟಕ್ಕೆ ಒಂದು ಬಿನ್ನಹ ಹೀಗಿರಬಹುದು:

"ಬಾಂಬು ಹುದುಗಿದ ನೆಲವನ್ನು ಕಡ್ಡಿ ಹಿಡಿದು ಗೇಣು ಗೇಣು ತಡಕುತ್ತಿರುವವರಿಗಾಗಿ: ಅವರ ಕೈ ನಡುಗದಿರಲಿ, ಆ ಹೊಲಕ್ಕೆ ಮುಂದಿನ ಮಳೆಗೆ ನೇಗಿಲು ಇಳಿಯಲಿ. ಪ್ರಭುವನ್ನು ಪ್ರಾರ್ಥಿಸೋಣ."